ಬಿಸಿಲಿನಿಂದ ಬಂದ ಹಾಲು

“ಬಿಸಲಾಗಿಂದ ಬಂದೀಯವ್ವಾ, ಮೊದಲಿನ ಹಾಲು ಹಿಂಡಿ ಚೆಲ್ಲು. ಮೈ ಆರಲಿ, ಆಮ್ಯಾಲ ಕೂಸಿಗಿ ಕುಡಸು.”

ಭೀಮೆಯ ದಂಡೆಯ ನಮ್ಮೂರು ಅಗರಖೇಡದಲ್ಲಿ ಲಿಂಬಿ ತೋಟದಿಂದಲೋ ಕಬ್ಬಿನ ಹೊಲದಿಂದಲೋ ಮಧ್ಯಾಹ್ನ ಓಡೋಡಿ ಬಂದ ಎಳೆ ಬಾಣಂತಿಗೆ ಹೊಸ್ತಿಲಲ್ಲೇ ಎದುರಾಗುವ ಮಾತು ಇದು. ನಮ್ಮ ಆಯಿ ಇದನ್ನು ನಮ್ಮವ್ವನಿಗೆ ಹೇಳಿದ್ದಳು. ನಾನು ಶಾಲೆಯಲ್ಲಿ ಪಾಠ ಹೇಳಿ ಬಂದ ಮೊದಲ ದಿನ ನಮ್ಮವ್ವ ನನಗೂ ಅದನ್ನೇ ಹೇಳಿದಳು. ಕೂಸು ತೊಟ್ಟಿಲಲ್ಲಿ ಅಳುತ್ತಿತ್ತು. ನಾನು ಬಚ್ಚಲಿನಲ್ಲಿ ನಿಂತು ಹಾಲು ಹಿಂಡಿ ನೆಲಕ್ಕೆ ಬಿಟ್ಟೆ. ಅವತ್ತು ನೆಲದ ಪಾಲಾದ ಆ ಹಾಲು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಮೈಯೊಳಗಿನ ಬಿಸಿ 37ರ ಆಸುಪಾಸಿನಲ್ಲೇ ಇರುತ್ತದೆ. ಬೆವರು ಹರಿಯುವುದು ಅದಕ್ಕಾಗಿಯೇ. ಹೊಲದಲ್ಲಿ ಬಗ್ಗಿ ದುಡಿದಾಗ ಒಂದಿಷ್ಟು ಏರಿದರೂ ಅದು ಹಾಲನ್ನು ಕೆಡಿಸುವ ಬಿಸಿಯಲ್ಲ. ಹಾಲು ಎದೆಯೊಳಗೆ ಪಾತ್ರೆಯಲ್ಲಿಟ್ಟ ಹಾಗೆ ಕೂತು ಹಳಸುವುದೂ ಇಲ್ಲ. ಐದಾರು ತಾಸು ಕೂಸಿಗೆ ಕುಡಿಸದೆ ಇದ್ದರೆ ಎದೆ ಬಿಗಿಯುತ್ತದೆ, ನೋಯುತ್ತದೆ, ಒಳಗಿನ ಹಾಲು ಮಾತ್ರ ಕೆಡುವುದಿಲ್ಲ. ಇನ್ನೊಂದು ಸಂಗತಿ ಇದೆ. ತುಂಬಿದ ಎದೆಯಿಂದ ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದು ಕೊಬ್ಬಿನ ಗಟ್ಟಿ ಹಾಲು. ಬಾಯಾರಿದ ಕೂಸಿಗೆ ಬೇಕಾದದ್ದು ಆ ತೆಳು ಹಾಲೇ. ನಾವು ಚೆಲ್ಲುವುದೂ ಅದನ್ನೇ.

ಹಿರಿಯರ ಮಾತಿನಲ್ಲಿ ಉಳಿಸಿಕೊಳ್ಳಬೇಕಾದ ಒಂದು ಎಳೆಯಿದೆ, ಅದನ್ನು ಬಿಡಬಾರದು. ಬಂದವಳೇ ಕೂಸನ್ನು ಎತ್ತಬೇಡ ಎಂಬುದು ಸರಿ. ಲಿಂಬಿಗೆ, ತೊಗರಿಗೆ ಕೀಟನಾಶಕದ ಎಣ್ಣೆ ಹೊಡೆದ ಹೊಲದಲ್ಲಿ ಕೆಲಸ ಮಾಡಿ ಬಂದಿದ್ದರೆ ಕೈ, ಎದೆ ಸೋಪು ಹಚ್ಚಿ ತೊಳೆದುಕೊಂಡು, ಸೀರೆ ಕುಪ್ಪಸ ಬದಲಿಸಿ, ತಾನೊಂದು ತಂಬಿಗೆ ನೀರು ಕುಡಿದು ಆಮೇಲೆ ಕೂಸನ್ನು ಎತ್ತಿಕೊಳ್ಳಬೇಕು. ಚೆಲ್ಲಬೇಕಾದದ್ದು ಮೈಮೇಲಿನ ಧೂಳು, ಔಷಧದ ಪುಡಿ. ಹಾಲಲ್ಲ.

ಬಿಸಿಲಿನ ಜೊತೆಗೇ ಬರುವ ಇನ್ನೊಂದು ನಂಬಿಕೆ ನೀರಿನದು. “ಇಂಥಾ ಬ್ಯಾಸಗಿಯೊಳಗ ಕೂಸಿನ ಗಂಟಲು ಒಣಗತದ, ಎರಡು ಚಮಚ ನೀರು ಹಾಕು.” ತಾಯಿ ಕೆಲಸಕ್ಕೆ ಹೋದ ಮನೆಯಲ್ಲಂತೂ ಕೂಸನ್ನು ಸಮಾಧಾನ ಮಾಡಲು ಹಿರಿಯರ ಕೈಗೆ ಮೊದಲು ಸಿಗುವುದು ನೀರು, ಸಕ್ಕರೆ ನೀರು, ಇಲ್ಲವೆ ಗುಟ್ಟಿ. ತಾಯಿಹಾಲಿನಲ್ಲಿ ನೂರಕ್ಕೆ 88ರಷ್ಟು ನೀರೇ ಇದೆ. ಕೂಸಿಗೆ ಮೇಲೆ ನೀರು ಬೇಕೇ ಎಂಬ ಪ್ರಶ್ನೆಯನ್ನೇ ಹಿಡಿದು ನಮ್ಮ ದೇಶದ ಬೇಸಿಗೆಯಲ್ಲೇ ಮಾಡಿದ ಅಧ್ಯಯನವೊಂದು 1991ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಬಂತು. ಬರೀ ಎದೆಹಾಲು ಕುಡಿದ ಕೂಸುಗಳಿಗಿಂತ ಮೇಲೆ ನೀರನ್ನೂ ಕುಡಿದ ಕೂಸುಗಳಿಗೆ ಯಾವ ಲಾಭವೂ ಕಾಣಲಿಲ್ಲ. ಲಾಭವಿಲ್ಲದಿದ್ದರೂ ಅಪಾಯವಿದೆ. ಪುಟ್ಟ ಹೊಟ್ಟೆ ನೀರಿನಿಂದ ತುಂಬಿದರೆ ಕೂಸು ಹಾಲು ಕಡಿಮೆ ಕುಡಿಯುತ್ತದೆ. ನೀರು ಶುದ್ಧವಿಲ್ಲದಿದ್ದರೆ ಭೇದಿ ಹತ್ತುತ್ತದೆ. ಭೀಮೆಗೆ ಹೊಸ ನೀರು ಬಂದಾಗ ನಮ್ಮ ದಂಡೆಯ ಊರುಗಳಲ್ಲಿ ದೊಡ್ಡವರ ಹೊಟ್ಟೆಯೇ ಕೆಡುತ್ತದೆ, ಎರಡು ತಿಂಗಳ ಕೂಸಿನ ಪಾಡೇನು? ಆರು ತಿಂಗಳು ತುಂಬುವವರೆಗೆ ನೀರು ಬೇಡ, ಡಾಕ್ಟರು ಬರೆದುಕೊಟ್ಟ ಔಷಧ ಬಿಟ್ಟು ಮತ್ತೇನೂ ಬೇಡ. ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿಯಬೇಕಾದವಳು ತಾಯಿ. ಕೂಸಿಗೆ ಎದೆಯನ್ನು ಪದೇ ಪದೇ ಕೊಡಬೇಕು, ಅಷ್ಟೇ.

ಹೊಟ್ಟೆ ತುಂಬಿದೆಯೋ ಇಲ್ಲವೋ ಎಂದು ತಿಳಿಯಲು ಅಳು ಸರಿಯಾದ ಅಳತೆಯಲ್ಲ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದ್ದರೆ, ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿದು ಎರಡು ವಾರದೊಳಗೆ ಮರಳಿ ಕೂಡುವುದು ಸಹಜ.

ಇನ್ನು ದುಡಿಯುವ ತಾಯಿಯನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವ ಮಾತು: “ಕೆಲಸಕ್ಕ ಹೋದಿ, ಹಾಲು ಬತ್ತಿಹೋಗ್ತಾವ. ಈಗಿಂದಲೇ ಡಬ್ಬಿ ಹಾಲು ರೂಢಿ ಮಾಡು.”

ಹಾಲು ಬತ್ತುವುದು ಕೆಲಸದಿಂದಲ್ಲ, ಎದೆ ಖಾಲಿಯಾಗದೆ ಇರುವುದರಿಂದ. ನಮ್ಮ ಕಡೆ ಬಾವಿಯ ಒರತೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಸೇದಿದಷ್ಟೂ ಒರೆಯುತ್ತದೆ. ಕೂಸು ಚೀಪಿದಾಗ, ಇಲ್ಲವೆ ಕೈಯಿಂದ ಹಿಂಡಿದಾಗ, ಮಿದುಳು ಪ್ರೊಲ್ಯಾಕ್ಟಿನ್ ಎಂಬ ರಸವನ್ನು ಬಿಡುತ್ತದೆ, ಅದು ಮುಂದಿನ ಹಾಲನ್ನು ತಯಾರಿಸುತ್ತದೆ. ಹಾಲು ಎದೆಯಲ್ಲೇ ತುಂಬಿ ನಿಂತರೆ ಸಾಕೆಂಬ ಸುದ್ದಿ ಮೈಗೆ ಹೋಗಿ ಉತ್ಪತ್ತಿ ಇಳಿಯುತ್ತದೆ. ಪ್ರೊಲ್ಯಾಕ್ಟಿನ್ ರಾತ್ರಿ ಹೆಚ್ಚು. ಆದ್ದರಿಂದ ಹಗಲು ದೂರ ಇರುವ ತಾಯಿಗೆ ರಾತ್ರಿಯ ಹಾಲೂಡಿಕೆಯೇ ದೊಡ್ಡ ಆಸರೆ. ನಿದ್ದೆಗೆಡುವುದು ಕಷ್ಟ, ಅದನ್ನು ನಾನು ಹಗುರ ಮಾಡಿ ಹೇಳುವುದಿಲ್ಲ. ಆದರೆ ಹಗಲು ಮೂರು ತಾಸಿಗೊಮ್ಮೆ ಹಿಂಡಿ, ರಾತ್ರಿ ಕೂಸಿಗೆ ಎದೆ ಕೊಟ್ಟರೆ ಹಾಲು ನಿಲ್ಲುವುದಿಲ್ಲ. ಚಿಂತೆಯಿಂದ, ದಣಿವಿನಿಂದ ಹಾಲು ಇಳಿಯುವುದು ತುಸು ತಡವಾಗಬಹುದು. ಕೂತು ಎರಡು ನಿಮಿಷ ನಿಧಾನವಾಗಿ ಉಸಿರಾಡಿದರೆ ಇಳಿಯುತ್ತದೆ.

ಹಿಂಡಿದ ಹಾಲನ್ನು ಚೆಲ್ಲಬೇಕಾಗಿಯೂ ಇಲ್ಲ. ಇಲ್ಲಿ ಕೆಲವು ಲೆಕ್ಕಗಳನ್ನು ಸರಿಯಾಗಿ ತಿಳಿದಿರಬೇಕು. ಕುದಿಸಿ ಆರಿಸಿದ ಸ್ಟೀಲಿನ ಮುಚ್ಚಳದ ಡಬ್ಬಿಯಲ್ಲಿ ಹಿಡಿದ ಹಾಲು 25 ಡಿಗ್ರಿಯ ತಂಪಿನ ಕೋಣೆಯಲ್ಲಿ ನಾಲ್ಕು ತಾಸು ಚೆನ್ನಾಗಿರುತ್ತದೆ. ಅಗರಖೇಡದ ಏಪ್ರಿಲ್ ತಿಂಗಳಿಗೆ ಈ ಲೆಕ್ಕ ಹೊಂದುವುದಿಲ್ಲ. 40 ಡಿಗ್ರಿ ದಾಟಿದ ದಿನ ಹೊರಗಿಟ್ಟ ಹಾಲನ್ನು ನಂಬದೆ ಬೇಗ ಕುಡಿಸಿಬಿಡಬೇಕು. ಫ್ರಿಜ್ಜಿನ ಒಳಭಾಗದಲ್ಲಿ (ಬಾಗಿಲಲ್ಲಿ ಬೇಡ) ನಾಲ್ಕು ದಿನ ಇಡಬಹುದು. ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಅಷ್ಟು ದಿನ ಇಡದಿರುವುದೇ ಲೇಸು. ಚೆನ್ನಾಗಿ ಮುಚ್ಚುವ ಐಸ್ ಡಬ್ಬಿಯಲ್ಲಿ ಗಟ್ಟಿ ಬರ್ಫದ ಜೊತೆ ಇಟ್ಟರೆ ಒಂದು ದಿನ. ಕುಡಿಸುವಾಗ ಒಲೆಯ ಮೇಲೆ ಕಾಯಿಸಬಾರದು, ಡಬ್ಬಿಯನ್ನು ಬಿಸಿನೀರಿನ ವಾಟಗಾದಲ್ಲಿಟ್ಟು ಬೆಚ್ಚಗೆ ಮಾಡಬೇಕು. ಬಾಟಲಿ, ನಿಪ್ಪಲ್ಲು ಬೇಡ, ಅವುಗಳ ಸಂದಿಯಲ್ಲಿ ಕೂತ ಹೊಲಸು ಹೋಗುವುದು ಕಷ್ಟ. ಸಣ್ಣ ವಾಟಿ, ಚಮಚ ಸಾಕು. ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಹಾಲು, ಬಾಟಲಿಗಳ ಜಾಹೀರಾತನ್ನೇ ನಮ್ಮ ದೇಶದ 1992ರ ಕಾಯ್ದೆ ನಿಷೇಧಿಸಿದೆ.

ಇಟ್ಟ ಹಾಲಿನ ಮೇಲೆ ಕೆನೆ ಬೇರೆ, ಕೆಳಗೆ ನೀಲಿ ಛಾಯೆಯ ತಿಳಿ ಬೇರೆ ನಿಲ್ಲುತ್ತದೆ. “ಹಾಲು ಒಡದಾವ” ಎಂದು ಅದನ್ನು ಸುರಿದ ಅತ್ತೆಯರು ಎಷ್ಟೋ ಜನ. ಅದು ಒಡೆದದ್ದಲ್ಲ. ಮೆಲ್ಲಗೆ ಅಲುಗಿಸಿದರೆ ಒಂದಾಗುತ್ತದೆ.

ಒಡೆಯುವ ಮಾತು ಬಂತು, ಲಿಂಬಿಯ ಕತೆಯನ್ನೂ ಹೇಳಿಬಿಡುತ್ತೇನೆ. ಜಿಐ ಮಾನ್ಯತೆ ಪಡೆದ ಇಂಡಿ ಲಿಂಬಿಯ ನಾಡು ನಮ್ಮದು, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ದಿನವಿಡೀ ಮುಳ್ಳಿನ ನಡುವೆ ಕೈಯಿಟ್ಟು ಲಿಂಬಿ ಹರಿದು, ಆರಿಸಿ, ಚೀಲ ತುಂಬುವ ಬಾಣಂತಿಗೆ ಊಟದಲ್ಲಿ ಮಾತ್ರ ಒಂದು ಹೋಳು ಲಿಂಬಿ ಸಿಗುವುದಿಲ್ಲ. ಹುಳಿ ತಿಂದರೆ ಎದೆಹಾಲು ಒಡೆಯುತ್ತದೆ, ಕೂಸಿಗೆ ನೆಗಡಿ ಬರುತ್ತದೆ ಎಂಬ ನಂಬಿಕೆ. ಹುಳಿ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ಹಾಲು ತಯಾರಾಗುವುದು ರಕ್ತದಿಂದ, ರಕ್ತ ಲಿಂಬಿಯಿಂದ ಹುಳಿಯಾಗುವುದಿಲ್ಲ. ಬದಲಿಗೆ ಲಿಂಬಿಯ ಸಿ ಜೀವಸತ್ವ ಕಾಳು, ಸೊಪ್ಪಿನಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ನೆರವಾಗುತ್ತದೆ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡವಳಿಗೆ ಇದಕ್ಕಿಂತ ಹತ್ತಿರದ, ಅಗ್ಗದ ಔಷಧ ಯಾವುದಿದೆ? ಮೆಂತ್ಯೆ ಪಲ್ಯದ ಮೇಲೆ ನಾಲ್ಕು ಹನಿ ಹಿಂಡಿ ಕೊಡಿ. ಹೆರಿಗೆಯಾದ ಮೇಲೆ 180 ದಿನ ಕಬ್ಬಿಣದ ಗುಳಿಗೆಯನ್ನೂ ತಪ್ಪಿಸಬಾರದು.

“ಹೆಂಗಸರು ಕೂಸು ಬಿಟ್ಟು ದುಡಿಯಾಕ ಹೋಗೋದು ಈಗಿನ ಚಾಳಿ” ಎಂಬ ಮಾತನ್ನು ನಮ್ಮ ಊರ ಕಟ್ಟೆಯ ಮೇಲೆ ಕೇಳಿದಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಬೇವಿನ ಗಿಡಕ್ಕೆ ಸೀರೆಯ ಜೋಲಿ ಕಟ್ಟಿ ಕಸ ತೆಗೆದವರು ಯಾರು? ಕುಂಚಿಗೆ ಹಾಕಿದ ಕೂಸನ್ನು ಕಬ್ಬಿನ ಗಾಡಿಯ ಮೇಲೆ ಮಲಗಿಸಿಕೊಂಡು ಊರೂರು ತಿರುಗಿದವರು ಯಾರು? ಮರಗೂರಿನ ಭೀಮಾಶಂಕರ ಕಾರ್ಖಾನೆಯ ಕಡೆಗೆ ಸಾಲು ಹಿಡಿದ ಕಬ್ಬಿನ ಲೋಡಿನ ಹಿಂದೆ ಇವತ್ತೂ ಅಂಥ ತಾಯಂದಿರಿದ್ದಾರೆ. ಭೀಮೆ ದಾಟಿ ಸೊಲ್ಲಾಪುರದ, ಮುಂಬಯಿಯ ಗಿರಣಿಗಳಿಗೆ ದುಡಿಯಲು ಹೋದ ಕನ್ನಡದ ಹೆಣ್ಣುಮಕ್ಕಳೂ ಇದ್ದರು. 1920ರ ದಶಕದ ಮುಂಬಯಿ ಗಿರಣಿಗಳಲ್ಲಿ, ತಾಯಿ ಕೆಲಸ ಮುಗಿಸಿ ಬರುವವರೆಗೆ ಕೂಸು ಅಳದಿರಲೆಂದು ಅಫೀಮಿನ ‘ಬಾಲಗೋಲಿ’ ತಿನ್ನಿಸುತ್ತಿದ್ದರು. ಆ ತಾಯಂದಿರು ಕೆಟ್ಟವರಾಗಿರಲಿಲ್ಲ, ಕೂಸನ್ನು ನೋಡಿಕೊಳ್ಳಲು ಅವರಿಗೆ ಬೇರೆ ಯಾರೂ ಇರಲಿಲ್ಲ. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬ ಅಂಬೇಡ್ಕರರು ಅದರ ಪರವಾಗಿ ನಿಂತರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಸರಕಾರವೂ ಅದರ ಭಾರ ಹೊರಬೇಕೆಂದು ವಾದಿಸಿದರು. ಮರುವರ್ಷ ಕಾಯ್ದೆಯಾಯಿತು. ಆಗ ವಿಜಾಪುರ ಮುಂಬಯಿ ಪ್ರಾಂತಕ್ಕೇ ಸೇರಿತ್ತು.

ಅಷ್ಟು ಹಳೆಯ ಹಕ್ಕು ಇವತ್ತಿಗೂ ಬಾಯಿಂದ ಬಾಯಿಗೆ ತಪ್ಪಾಗಿಯೇ ಹರಿದಾಡುತ್ತಿದೆ. “ಸಂಬಳದ ರಜಾ ಸರಕಾರಿ ನೌಕರಿದಾರರಿಗಷ್ಟೇ” ಅನ್ನುತ್ತಾರೆ. ನನ್ನ ನಾದಿನಿ ವಿಜಯಪುರದ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಳು. ಏಳನೇ ತಿಂಗಳಿನಲ್ಲಿ ರಜೆ ಕೇಳಿದಾಗ “ಬಿಟ್ಟು ಹೋಗು, ಹೆರಿಗಿ ಆದಮ್ಯಾಲ ನೋಡೋಣ” ಎಂಬ ಉತ್ತರ ಬಂತು. ಅವಳು ನಂಬಿ ಬಿಟ್ಟು ಬಂದಳು. ನಮಗೂ ಆಗ ಗೊತ್ತಿರಲಿಲ್ಲ. ಹತ್ತು ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಅಂಗಡಿ, ಸಂಸ್ಥೆಗೂ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ನಿಯಮ ಅನ್ವಯಿಸುತ್ತಿತ್ತು. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ 26 ವಾರದ ರಜೆ. ಬಸುರಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಅಪರಾಧ. ರಜೆ ಮುಗಿಸಿ ಬಂದ ಮೇಲೆ, ಕೂಸಿಗೆ 15 ತಿಂಗಳಾಗುವವರೆಗೆ, ವಿರಾಮದ ಹೊತ್ತನ್ನು ಬಿಟ್ಟು ದಿನಕ್ಕೆ ಎರಡು ಸಲ ಹಾಲುಣಿಸಲು ಹೊತ್ತು ಕೊಡಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಉಳಿದಿವೆ. ಗುತ್ತಿಗೆಯ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಮುಗಿಯುವುದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಗುತ್ತಿಗೆ ವೈದ್ಯೆಯೊಬ್ಬರ ಪ್ರಕರಣದಲ್ಲಿ ಹೇಳಿದೆ.

ಆದರೆ ಹೊಲದಲ್ಲಿ ದಿನಗೂಲಿ ಮಾಡುವವಳಿಗೆ ಈ ರಜೆ ಇಲ್ಲ. ಅವಳಿಗಿರುವುದು ಮಾತೃವಂದನಾ ಯೋಜನೆಯ ಮೊದಲ ಹೆರಿಗೆಯ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000, ಮತ್ತು 2017ರಿಂದ ಅಂಗನವಾಡಿಯಲ್ಲಿ ಸಿಗುವ ಮಾತೃಪೂರ್ಣದ ಊಟ. ಈ ಹಣ ಎಷ್ಟು ದಿನದ ಕೂಲಿಗೆ ಸಮ ಎಂದು ಬೆರಳು ಮಡಿಸಿ ಎಣಿಸಿ ನೋಡಿ. ಆರು ತಿಂಗಳು ಮನೆಯಲ್ಲಿರು ಎಂದು ಅವಳಿಗೆ ಉಪದೇಶ ಮಾಡುವ ಬಾಯಿ ನನಗೆ ಬರುವುದಿಲ್ಲ.

ಸಂಬಳದವಳಾಗಲಿ ಕೂಲಿಯವಳಾಗಲಿ, ಇಬ್ಬರೂ ಬಂದು ನಿಲ್ಲುವ ಒಂದು ಕಂದಕವಿದೆ. ರಜೆ ಇದ್ದವಳಿಗೂ ಅದು ಆರು ತಿಂಗಳಿಗೆ ಮುಗಿಯುತ್ತದೆ. ಅಂಗನವಾಡಿಯಲ್ಲಿ ಕೂಸು ಕೂರುವುದು ಮೂರು ವರ್ಷಕ್ಕೆ. ನಡುವಿನ ಎರಡೂವರೆ ವರ್ಷ? “ಆಯಿ ಮುತ್ಯಾ ಇದ್ದಾರಲ್ಲ” ಎನ್ನುವುದು ನಮ್ಮ ಊರಿನ ಸಿದ್ಧ ಉತ್ತರ. ನಮ್ಮ ಆಯಂದಿರಲ್ಲಿ ಬಹಳ ಜನ ತಾವೇ ಕೂಲಿಗೆ ಹೋಗುವವರು, ಐವತ್ತು ದಾಟಿ ಮೊಣಕಾಲು ನೋವಿನವರು. ಅವರ ಮೈಯೂ ಮೈಯೇ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಳನ್ನು ಕೂಲಿ ಕೊಟ್ಟು ನೇಮಿಸಬೇಕೆಂದು ಬರೆದಿತ್ತು. ನಮ್ಮ ರಾಜ್ಯ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು, ಮೂರು ವರ್ಷದೊಳಗಿನ ಮಕ್ಕಳಿಗೆ. ಊರಿನ ಹೆಣ್ಣುಮಕ್ಕಳೇ ತರಬೇತಿ ಪಡೆದು ನೋಡಿಕೊಳ್ಳುವ ಜಾಗ ಅದು. “ಬ್ಯಾರೇದವರ ಕೈಯಾಗ ಕೂಸು ಕೊಟ್ಟರ ತಾಯಿ ಮರೀತದ” ಎಂದು ಹೆದರಿಸುವವರಿದ್ದಾರೆ. ಹುಟ್ಟಿದ ಕೆಲವೇ ದಿನದಲ್ಲಿ ತಾಯಿಯ ವಾಸನೆ, ದನಿ ಗುರುತಿಸುವ ಕೂಸು ಅಷ್ಟು ಸುಲಭಕ್ಕೆ ಮರೆಯುವುದಿಲ್ಲ. ದಿನವೂ ಅದೇ ಮುಖ, ಅದೇ ಕೈ ಪ್ರೀತಿಯಿಂದ ನೋಡಿಕೊಂಡರೆ ಅದಕ್ಕೆ ಇನ್ನೊಬ್ಬ ಚಿಕ್ಕಮ್ಮ ಸಿಕ್ಕ ಹಾಗೆ. ಕೂಸಿನ ಮನೆ ನಿಮ್ಮ ಪಂಚಾಯಿತಿಯಲ್ಲಿದೆಯೇ, ಹೊಲದ ಹೊತ್ತಿಗೆ ತೆರೆಯುತ್ತದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಗಂಡಸರೂ ಕೇಳಿ.

ಗಂಡಸರ ಮಾತು ಕೊನೆಗೆ ಬಂತು, ಬರಬೇಕಾಗಿದ್ದು ಮೊದಲಿಗೆ. ಎದೆಹಾಲು ಕುಡಿಸುವುದೊಂದನ್ನು ಬಿಟ್ಟು ಕೂಸಿನ ಯಾವ ಕೆಲಸವೂ ಹೆಂಗಸಿಗೇ ಎಂದು ದೇವರು ಬರೆದಿಲ್ಲ. ತೂಕ ಕಡಿಮೆಯಿರುವ ಕೂಸನ್ನು ಬರಿಯೆದೆಗೆ ಅವಚಿ ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಅಪ್ಪನೂ ಮಾಡಬಹುದು, ಆಸ್ಪತ್ರೆಗಳಲ್ಲಿ ಮಾಡಿಸುತ್ತಾರೆ. ರಾಜ್ಯ ಸರಕಾರದ ನೌಕರನಿಗೆ 15 ದಿನದ ಪಿತೃತ್ವ ರಜೆ ಇದೆ. ಅದನ್ನು ತೊಟ್ಟಿಲ ಕಾರ್ಯದ ಪತ್ರಿಕೆ ಹಂಚಲು ಕಳೆಯುವವರೇ ಹೆಚ್ಚು. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುತ್ತಾಳೆ. ಆ ದಿನ ಅಪ್ಪ ಮನೆಯಲ್ಲಿದ್ದು ತೂಕ ಹಾಕುವುದನ್ನು ನೋಡಬೇಕು, ಅಪಾಯದ ಲಕ್ಷಣ ಕೇಳಿ ತಿಳಿದುಕೊಳ್ಳಬೇಕು: ಹಾಲು ಬಿಡುವುದು, ಮೈ ತಣ್ಣಗಾಗುವುದು ಇಲ್ಲವೆ ಸುಡುವುದು, ಉಸಿರು ಎಳೆಯುವುದು.

ಎರಡನೇ ಕೂಸಿನ ಹೊತ್ತಿಗೆ ನನ್ನ ಮನೆಯವರು ಒಂದು ಪಾಳಿ ಹಿಡಿದರು. ಹನ್ನೆರಡೂವರೆಗೆ ಶಾಲೆಯ ಗಂಟೆ ಬಾರಿಸುವ ಹೊತ್ತಿಗೆ ಬೇವಿನ ಗಿಡದ ಕೆಳಗೆ ಕೂಸನ್ನು ಎತ್ತಿಕೊಂಡು ನಿಂತಿರುತ್ತಿದ್ದರು. ನಮ್ಮವ್ವ ಒದ್ದೆ ಬಟ್ಟೆ ಹಿಡಿದುಕೊಂಡು ಜೊತೆಗೆ ಬರುತ್ತಿದ್ದಳು. ನಾನು ಕೈಯ ಸೀಮೆಸುಣ್ಣದ ಪುಡಿ ತೊಳೆದುಕೊಳ್ಳುತ್ತಿದ್ದೆ. ಅವ್ವ ನನ್ನ ಕುತ್ತಿಗೆ, ಎದೆ ಒರೆಸಿ, “ಇನ್ನ ಕುಡಸು” ಅನ್ನುತ್ತಿದ್ದಳು.