ವಿದ್ಯುತ್ಕೋಶದ ಋಣಾಗ್ರವಾಗಿ ಸಿಲಿಕನ್

ಇತಿಹಾಸದ ಅಧ್ಯಾಪಕನು ರಸಾಯನಶಾಸ್ತ್ರದ ವಿಷಯವನ್ನು ಕುರಿತು ಬರೆಯುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಒಂದು ವಸ್ತುವಿನ ಗುಣವು ತಿಳಿದಿದ್ದರೂ ಅದು ಬಳಕೆಗೆ ಬರಲು ದಶಕಗಳೇ ಹಿಡಿದುದೇಕೆ ಎಂಬುದು ಇತಿಹಾಸದ ಪ್ರಶ್ನೆಯೂ ಹೌದು.

ಲಿಥಿಯಮ್ ಕೋಶಕ್ಕೆ ವಿದ್ಯುತ್ತನ್ನು ತುಂಬುವಾಗ ಲಿಥಿಯಮ್ ಅಯಾನುಗಳು ಧನಾಗ್ರವನ್ನು ಬಿಟ್ಟು ಋಣಾಗ್ರವನ್ನು ಸೇರುತ್ತವೆ; ಬಳಸುವಾಗ ಹಿಂದಿರುಗುತ್ತವೆ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮರು ಲಿಥಿಯಮ್ ಲೋಹವನ್ನೇ ಋಣಾಗ್ರವನ್ನಾಗಿ ಮಾಡಿಕೊಂಡರು. ಆದರೆ ಲೋಹವು ಮುಳ್ಳುಮುಳ್ಳಾಗಿ ಬೆಳೆದು ಎದುರಿನ ಅಗ್ರವನ್ನು ಮುಟ್ಟಿದರೆ ಬೆಂಕಿಯ ಭಯವಿತ್ತು. 1985ರಲ್ಲಿ ಅಕಿರಾ ಯೋಶಿನೊ ಅವರು ಅದರ ಬದಲು ಪೆಟ್ರೋಲಿಯಮ್ ಕೋಕ್ ಎಂಬ ಇಂಗಾಲವನ್ನು ಉಪಯೋಗಿಸಿದರು. 1991ರಲ್ಲಿ ಸೋನಿ ಸಂಸ್ಥೆಯು ಇಂಗಾಲದ ಋಣಾಗ್ರವುಳ್ಳ ಕೋಶವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಗ್ರಾಫೈಟ್ ಆ ಸ್ಥಾನದಲ್ಲಿ ನೆಲೆಯೂರಿತು.

ಗ್ರಾಫೈಟಿನ ಪದರಗಳ ನಡುವೆ ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಮ್ ಮಾತ್ರ ತಂಗಬಲ್ಲದು. ಆದುದರಿಂದ ಅದರ ಧಾರಣಶಕ್ತಿ ಗ್ರಾಮಿಗೆ 372 ಮಿಲಿಆಂಪಿಯರ್-ಗಂಟೆ. ಸಿಲಿಕನ್ನಿನಲ್ಲಾದರೋ ನಾಲ್ಕು ಪರಮಾಣುಗಳು ಹದಿನೈದು ಲಿಥಿಯಮ್ ಪರಮಾಣುಗಳನ್ನು ಕೂಡಿಕೊಳ್ಳುತ್ತವೆ. ಶಕ್ತಿ ಸುಮಾರು 3,580. ಮೇಲಾಗಿ ಭೂಮಿಯ ಹೊರಪದರದಲ್ಲಿ ಆಮ್ಲಜನಕವನ್ನು ಬಿಟ್ಟರೆ ಅತ್ಯಧಿಕವಾಗಿರುವ ಧಾತುವೇ ಇದು. ಇಷ್ಟು ಅನುಕೂಲವಿದ್ದೂ ತೊಡಕಾದುದು ಈ ಔದಾರ್ಯವೇ. ಬರುವ ಲಿಥಿಯಮ್ಮಿಗೆಲ್ಲ ಎಡೆಮಾಡಿಕೊಟ್ಟ ಸಿಲಿಕನ್ ಸುಮಾರು ನಾಲ್ಕು ಪಟ್ಟು ಗಾತ್ರಕ್ಕೆ ಉಬ್ಬುತ್ತದೆ. ಗ್ರಾಫೈಟ್ ಉಬ್ಬುವುದು ನೂರಕ್ಕೆ ಹತ್ತರಷ್ಟು. ಉಬ್ಬಿ ಕುಗ್ಗಿ ಕಣಗಳು ಬಿರಿಯುತ್ತವೆ. ಕೆಲವು ಚೂರುಗಳು ವಿದ್ಯುತ್ ಸಂಪರ್ಕವನ್ನೇ ಕಳೆದುಕೊಂಡು ನಿಷ್ಪ್ರಯೋಜಕವಾಗುತ್ತವೆ. ಇನ್ನೊಂದು ಹಾನಿ ಕಣ್ಣಿಗೆ ಕಾಣದು. ಋಣಾಗ್ರವು ಕೋಶದೊಳಗಿನ ದ್ರಾವಣವನ್ನು ಮುಟ್ಟುವಲ್ಲಿ ಒಂದು ತೆಳುಪೊರೆ ಕಟ್ಟುತ್ತದೆ. ಗ್ರಾಫೈಟಿನ ಮೇಲೆ ಅದು ಒಮ್ಮೆ ಕಟ್ಟಿ ಬಹುಮಟ್ಟಿಗೆ ಸ್ಥಿರವಾಗಿ ನಿಂತು ರಕ್ಷಣೆಯನ್ನೇ ಕೊಡುತ್ತದೆ. ಸಿಲಿಕನ್ನಿನ ಮೇಲೆ ಪೊರೆ ಹರಿದು, ಹೊಸ ಮೈ ತೆರೆದು, ಮತ್ತೆ ಪೊರೆ ಕಟ್ಟುತ್ತದೆ. ಪ್ರತಿಸಲವೂ ಸ್ವಲ್ಪ ಲಿಥಿಯಮ್ ಅದರಲ್ಲಿ ಸಿಕ್ಕಿ ವ್ಯರ್ಥವಾಗುತ್ತದೆ.

ಲಿಥಿಯಮ್-ಸಿಲಿಕನ್ ಮಿಶ್ರಲೋಹಗಳನ್ನು ಅಧಿಕ ಉಷ್ಣತೆಯ ಕೋಶಗಳಿಗಾಗಿ 1970ರ ದಶಕದಲ್ಲಿಯೇ ಪರೀಕ್ಷಿಸಿದ್ದರು. ಸಾಮಾನ್ಯ ಉಷ್ಣತೆಯಲ್ಲಿ ಹೊಸ ದಾರಿ ತೋರಿದ ಪ್ರಯೋಗಗಳಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾನಿಲಯದ ಯಿ ತ್ಸುಯಿ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದುದು ಮುಖ್ಯವಾದುದು. ಅವರು ಉಕ್ಕಿನ ತಗಡಿನ ಮೇಲೆ ಸಿಲಿಕನ್ನಿನ ಅತಿಸೂಕ್ಷ್ಮ ಎಳೆಗಳನ್ನು ಬೆಳೆಸಿದರು. ಎಳೆಗಳ ನಡುವೆ ತೆರಪಿದ್ದುದರಿಂದ ಅವು ಬಿರಿಯದೆ ಉಬ್ಬಬಲ್ಲವಾಗಿದ್ದುವು. ಆದರೆ ಕಣ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಮೇಲ್ಮೈ ಹೆಚ್ಚಿದಷ್ಟೂ ಪೊರೆಗೆ ತೆರುವ ಲಿಥಿಯಮ್ಮೂ ಹೆಚ್ಚು. ಪತ್ರಿಕಾವರದಿಗಳು ಈ ಲೆಕ್ಕವನ್ನು ಹೇಳುವುದು ಅಪರೂಪ.

ಆದಕಾರಣ ಕಾರ್ಖಾನೆಗಳು ಗ್ರಾಫೈಟನ್ನು ತ್ಯಜಿಸಲಿಲ್ಲ; ಅದರೊಳಕ್ಕೆ ಸಿಲಿಕನ್ನನ್ನೋ ಸಿಲಿಕನ್ ಆಕ್ಸೈಡನ್ನೋ ಅಲ್ಪ ಪ್ರಮಾಣದಲ್ಲಿ ಬೆರೆಸುವ ಮಾರ್ಗವನ್ನು ಹಿಡಿದುವು. ರಂಧ್ರಮಯ ಇಂಗಾಲದೊಳಗೆ ಸಿಲಿಕನ್ನನ್ನು ಇರಿಸಿ, ಉಬ್ಬುವುದಕ್ಕೆ ಅಲ್ಲಿಯೇ ಸ್ಥಳವುಳಿಸುವ ವಿಧಾನವೂ ಈಗ ಆಚರಣೆಗೆ ಬರುತ್ತಿದೆ.