ಕೋಸ್ಟರಿಕಾದಿಂದ ಬಂದ ಪ್ರಶ್ನೆ

ಬುಧವಾರ ಸಂಜೆ ಏಳೂವರೆ. ಆಫೀಸಿನಿಂದ ಬಂದು ಆಗಷ್ಟೇ ಕುಕ್ಕರ್ ಇಟ್ಟಿದ್ದೆ. ಆರನೇ ಕ್ಲಾಸಿನ ಮಗಳು ಯೂನಿಫಾರ್ಮ್ ಹಾಕಿಕೊಂಡು, ತಲೆ ಬಾಚಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಈ ವರ್ಷ ಅವಳ ಶಾಲೆಗೂ ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾದ ಒಂದು ಶಾಲೆಗೂ ‘ಎಕ್ಸ್‌ಚೇಂಜ್’. ವಿಮಾನ ಹತ್ತೋ ಎಕ್ಸ್‌ಚೇಂಜ್ ಅಲ್ಲ, ತಿಂಗಳಿಗೊಂದು ವಿಡಿಯೊ ಕಾಲ್, ನಡುನಡುವೆ ಪತ್ರ, ಚಿತ್ರ. ವಿಷಯ ಮಳೆಕಾಡು. ನಮಗೆ ರಾತ್ರಿ ಊಟದ ಹೊತ್ತು, ಅವರಿಗೆ ಬೆಳಿಗ್ಗೆ ಎಂಟು ಗಂಟೆ.

ಆ ಕಡೆಯ ಹುಡುಗನೊಬ್ಬ ತಾನು ಬರೆದ ಹಕ್ಕಿಯ ಚಿತ್ರ ತೋರಿಸಿದ. ಮೈಯೆಲ್ಲ ಹಸಿರು, ಹೊಟ್ಟೆ ಕೆಂಪು, ಮಾರುದ್ದ ಬಾಲ. ಹೆಸರು ಕ್ವೆಟ್ಸಾಲ್. ಕಾಡಿನ ಪುಟಾಣಿ ಬೆಣ್ಣೆಹಣ್ಣುಗಳನ್ನು ಇಡಿಯಾಗಿ ನುಂಗಿ, ಬೇರೆ ಕಡೆ ಹೋಗಿ ಬೀಜ ಉಗುಳುತ್ತದಂತೆ. ಹಾಗೆ ಹೊಸ ಮರ ಹುಟ್ಟುತ್ತದಂತೆ. ಆಮೇಲೆ ಅವನು ಕೇಳಿದ: “ನಿಮ್ಮ ಕಾಡಲ್ಲಿ ಬೀಜ ಬಿತ್ತೋ ಹಕ್ಕಿ ಯಾವುದು?”

ಮಗಳು ಗಪ್‌ಚುಪ್. ತಿರುಗಿ ಅಡುಗೆಮನೆ ಕಡೆ ನೋಡಿದಳು. ನಾನು ಪಿಸುಮಾತಲ್ಲಿ ಹೇಳಿಕೊಟ್ಟೆ: “ಮಂಗಟ್ಟೆ ಅನ್ನು. ರಾಮಪತ್ರೆ ಬೀಜ ನುಂಗತ್ತೆ, ಮೇಲಿನ ಕೆಂಪು ಪತ್ರೆ ತಿಂದು ಬೀಜ ಉಗುಳತ್ತೆ.”

ಕಾಲ್ ಮುಗಿದ ಮೇಲೆ ಶುರುವಾಯ್ತು. “ಅಮ್ಮಾ, ನಿಂಗೆ ಹೇಗೆ ಗೊತ್ತು?”

“ಅಜ್ಜನ ಮನೆ ಹಿಂದಿನ ಗುಡ್ಡದಲ್ಲಿ ರಾಮಪತ್ರೆ ಮರ ಇದೆಯಲ್ಲ. ಚಿಕ್ಕವಳಿದ್ದಾಗ ನೋಡಿದೀನಿ.”

“ಅಂದ್ರೆ ನಮಗೂ ಮಳೆಕಾಡು ಇದ್ಯಾ? ಮತ್ತೆ ಯಾಕೆ ಯಾವತ್ತೂ ಹೇಳಿಲ್ಲ?”

ಏನು ಹೇಳಲಿ? ತೀರ್ಥಹಳ್ಳಿ ಕಡೆಯ ನನ್ನ ತವರಿನಿಂದ ಅಣ್ಣ ಕಳಿಸಿದ್ದ ಕಾಗದಪತ್ರ ಅದೇ ಹೊತ್ತಿಗೆ ನನ್ನ ಬ್ಯಾಗಲ್ಲಿತ್ತು. ಆ ಗುಡ್ಡ ಬೋಳಿಸಿ ಅಡಿಕೆ ಹಾಕಲು ಬ್ಯಾಂಕ್ ಸಾಲ. ಅಪ್ಪ ತೀರಿಕೊಂಡ ಮೇಲೆ ಜಾಗ ಇಬ್ಬರ ಹೆಸರಲ್ಲೂ ಇದೆ, ಹಾಗಾಗಿ ನನ್ನ ಸಹಿ ಬೇಕು.

ಒಂಬತ್ತು ವರ್ಷದ ಹುಡುಗನ ಪ್ರಶ್ನೆ

ಈ ಎಕ್ಸ್‌ಚೇಂಜಿಗೆ ಶಿಕ್ಷಕಿ ಆರಿಸಿಕೊಂಡಿದ್ದು ಒಂದು ನಿಜ ಕಥೆ. ಮಗಳ ಜತೆ ಕೂತು ನಾನೂ ಓದಿದೆ.

1987ರಲ್ಲಿ ಸ್ವೀಡನ್ನಿನ ಫಾಗರ್‌ವಿಕ್ ಎಂಬ ಹಳ್ಳಿ ಶಾಲೆಯಲ್ಲಿ ಏಹಾ ಕೆರ್ನ್ ಎಂಬ ಶಿಕ್ಷಕಿ ಮಕ್ಕಳಿಗೆ ಮಳೆಕಾಡಿನ ಪಾಠ ಮಾಡುತ್ತಿದ್ದರು. ಕಾಡು ನಾಶವಾಗುತ್ತಿದೆ ಎಂದು ಕೇಳಿದ ರೋಲಂಡ್ ಎಂಬ ಒಂಬತ್ತು ವರ್ಷದ ಹುಡುಗ, ಅದನ್ನು ಉಳಿಸಲು ನಾವೇನು ಮಾಡಬಹುದು ಎಂದು ಕೇಳಿದ. ಕಾಡನ್ನು ಕೊಂಡುಕೊಂಡರೆ ಹೇಗೆ ಅನ್ನೋ ಯೋಚನೆಯೂ ಹುಟ್ಟಿತು. ಕೋಸ್ಟರಿಕಾದ ಮೊಂಟೆವರ್ಡೆಯಲ್ಲಿ ಸಂಶೋಧನೆ ಮಾಡಿದ್ದ ಜೀವವಿಜ್ಞಾನಿ ಶರಾನ್ ಕಿನ್ಸ್‌ಮನ್ ಆಗ ಸ್ವೀಡನ್ನಿನಲ್ಲಿದ್ದರು. ಅವರು ಶಾಲೆಗೆ ಬಂದು ಅಲ್ಲಿಯ ಮೋಡದ ಕಾಡಿನ ಚಿತ್ರಗಳನ್ನು ತೋರಿಸಿದರು.

ಮಕ್ಕಳು ನಾಟಕ ಆಡಿದರು, ಕೇಕ್ ಮಾಡಿ ಮಾರಿದರು, ದುಡ್ಡು ಕೂಡಿಸಿದರು. ಅದನ್ನು ಮೊಂಟೆವರ್ಡೆಯ ಸಂರಕ್ಷಣಾ ಸಂಘಕ್ಕೆ ಕಳಿಸಿದರು. ಸುದ್ದಿ ಒಂದು ಶಾಲೆಯಿಂದ ಇನ್ನೊಂದಕ್ಕೆ ಹಬ್ಬಿತು. ಕೊನೆಗೆ 44 ದೇಶಗಳ ಮಕ್ಕಳು ಕೈಜೋಡಿಸಿದರು. ಇವತ್ತು ಅದು ಸುಮಾರು 22,500 ಹೆಕ್ಟೇರ್ ಕಾಡು, ಕೋಸ್ಟರಿಕಾದ ಅತಿ ದೊಡ್ಡ ಖಾಸಗಿ ಅಭಯಾರಣ್ಯ. ಹೆಸರು ‘ಮಕ್ಕಳ ಚಿರಂತನ ಮಳೆಕಾಡು’. 1991ರಲ್ಲಿ ಏಹಾ ಕೆರ್ನ್ ಅವರಿಗೂ ರೋಲಂಡ್‌ಗೂ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಿಕ್ಕಿತು. ಈಗಲೂ ಬೇರೆ ಬೇರೆ ದೇಶಗಳ ವಿದ್ಯಾರ್ಥಿಗಳು ಆ ಕಾಡಿನೊಳಗಿನ ಸಾನ್ ಹೆರಾರ್ಡೊ, ಪೊಕೊ ಸೋಲ್ ಕೇಂದ್ರಗಳಲ್ಲಿ ಉಳಿದುಕೊಂಡು ಕಲಿಯುತ್ತಾರೆ.

ಓದಿದಾಗ ಮೈ ಜುಮ್ಮೆನ್ನತ್ತೆ, ಅಲ್ವಾ?

ಕೊಂಡರೆ ಸಾಕಾ?

ಆದರೆ ನನಗೆ ಇಷ್ಟವಾಗಿದ್ದು ಕಥೆಯ ಮುಂದಿನ ಭಾಗ. ದುಡ್ಡು ಕೊಟ್ಟು ಕೊಂಡ ಮಾತ್ರಕ್ಕೆ ಕಾಡು ಉಳಿಯೋದಿಲ್ಲ. ದಿನಾ ನಡೆದು ಕಾಯುವ ಕಾವಲುಗಾರರು ಬೇಕು, ಸುತ್ತಲಿನ ರೈತರ ಒಪ್ಪಿಗೆ ಬೇಕು. ಎಷ್ಟೋ ಸಲ ಅದೂ ಸಾಲದು. ಮೊಂಟೆವರ್ಡೆ ಸುತ್ತಮುತ್ತ ಮಾತ್ರ ಇದ್ದ ಚಿನ್ನದ ಬಣ್ಣದ ಕಪ್ಪೆಯೊಂದು 1989ರ ನಂತರ ಯಾರ ಕಣ್ಣಿಗೂ ಬಿದ್ದಿಲ್ಲ. ಕಾಡು ನಿಂತಿತ್ತು, ಕಪ್ಪೆ ಹೋಯಿತು.

ಕೋಸ್ಟರಿಕಾ ಸರ್ಕಾರ 1996ರಲ್ಲಿ ಅರಣ್ಯ ಕಾನೂನು ತಂದಿತು. ಕಾಡನ್ನು ಬೋಳಿಸಿ ಬೇರೆ ಉಪಯೋಗಕ್ಕೆ ತಿರುಗಿಸೋ ಹಾಗಿಲ್ಲ. ಜತೆಗೆ, ತಮ್ಮ ಜಮೀನಿನ ಕಾಡನ್ನು ಉಳಿಸಿಕೊಳ್ಳುವವರಿಗೆ ದುಡ್ಡು ಕೊಡುವ ವ್ಯವಸ್ಥೆ. ಅದರ ದೊಡ್ಡ ಪಾಲು ಪೆಟ್ರೋಲ್, ಡೀಸೆಲ್ ಮೇಲಿನ ತೆರಿಗೆಯಿಂದ. ಒಂದು ಕಾಲಕ್ಕೆ ತೀರಾ ಕುಗ್ಗಿದ್ದ ಕಾಡು ಇವತ್ತು ಆ ದೇಶದ ಅರ್ಧಕ್ಕಿಂತ ಹೆಚ್ಚು ನೆಲದಲ್ಲಿದೆ.

ಅಂದರೆ ಲೆಕ್ಕ ಸರಳ. ಕಾಡು ಉಳಿಯೋದರಿಂದ ಊರಿಗೆಲ್ಲ ಲಾಭ. ಉಳಿಸಿಕೊಂಡವನೊಬ್ಬನಿಗೇ ನಷ್ಟ ಆಗಬಾರದು.

ಅಣ್ಣನ ಜತೆ ಮಾತು

ಆ ರಾತ್ರಿ ಮಗಳಿಗೆ ನಮ್ಮ ಕಡೆಯ ವಿಷಯ ಹೇಳಿದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ 10 ಕರ್ನಾಟಕದ್ದು, ನಮ್ಮ ಆಗುಂಬೆಯೂ ಅದರಲ್ಲಿದೆ. ಫಾಗರ್‌ವಿಕ್‌ಗಿಂತ ನಾಲ್ಕು ವರ್ಷ ಮೊದಲೇ, 1983ರಲ್ಲಿ, ಶಿರಸಿ ಕಡೆಯ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ನಿಂತಿದ್ದರು. ಇದ್ಯಾವುದೂ ಅವಳಿಗೆ ಗೊತ್ತಿರಲಿಲ್ಲ. ತಪ್ಪು ಅವಳದ್ದಲ್ಲ. ಬೇಸಿಗೆ ರಜೆಗೆ ಊರಿಗೆ ಕರಕೊಂಡು ಹೋದಾಗ ನಾನು ಅವಳಿಗೆ ತೋರಿಸಿದ್ದು ವೈಫೈ ಎಲ್ಲಿ ಸಿಗತ್ತೆ ಅನ್ನೋದನ್ನು ಮಾತ್ರ.

ಮಾರನೇ ದಿನ ಅಣ್ಣನಿಗೆ ಫೋನ್ ಮಾಡಿದೆ. “ಅಣ್ಣಾ, ಸಹಿ ಹಾಕಕ್ಕೆ ಮನಸ್ಸು ಬರ್ತಿಲ್ಲ. ಆ ಗುಡ್ಡ ಹಾಗೇ ಇರಲಿ.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನೀನು ಬೆಂಗಳೂರಲ್ಲಿ ಕೂತು ಹೇಳ್ತೀಯ ಮಾರಾಯ್ತಿ. ಎಲೆಚುಕ್ಕಿ ರೋಗ ಬಂದು ಇದ್ದ ತೋಟ ಹಾಳಾಗ್ತಾ ಇದೆ. ಹುಡುಗನ ಕಾಲೇಜ್ ಫೀಸ್ ಮಂಗಟ್ಟೆ ಕಟ್ಟತ್ತಾ?” ಎಂದ.

ಕೋಪ ಬರಲಿಲ್ಲ. ಅವನು ಹೇಳಿದ್ದು ಸರಿಯೇ. ದೂರದಲ್ಲಿ ಕೂತು ‘ಕಾಡು ಉಳಿಸಿ’ ಅನ್ನೋದು ಸುಲಭ. ಆ ಸ್ವೀಡನ್ನಿನ ಮಕ್ಕಳು ಹಾಗೆ ಅಂದು ಸುಮ್ಮನೆ ಕೂರಲಿಲ್ಲ, ಕೇಕ್ ಮಾರಿದರು. ನಾನು ಏನು ಮಾಡಿದೆ?

ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿ ಒಂದು ಮಾತು ಮುಂದಿಟ್ಟೆ. ಗುಡ್ಡ ಬೋಳಿಸೋದು ಬೇಡ. ಹಳೇ ತೋಟದ ಆರೈಕೆಗೆ, ಔಷಧಿ ಹೊಡೆಸೋದಕ್ಕೆ ವರ್ಷಕ್ಕೆ ಇಷ್ಟು ಅಂತ ನಾನು ಕೊಡ್ತೀನಿ. ತೋಟದ ಆದಾಯದಲ್ಲಿ ನನ್ನ ಪಾಲು ಬೇಡ. ಯಜಮಾನರ ಜತೆ ಮಾತಾಡಿ, ಕಾರು ಬದಲಾಯಿಸೋದನ್ನು ಮುಂದೂಡಿ ಹೇಳಿದ ಮಾತದು.

ಅಣ್ಣ ಒಪ್ಪಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. “ಈ ಮಳೆಗಾಲ ಕಳೀಲಿ, ನೋಡೋಣ” ಅಂದ. ಕಾಗದಪತ್ರ ಇನ್ನೂ ನನ್ನ ಬ್ಯಾಗಲ್ಲೇ ಇದೆ, ಸಹಿ ಇಲ್ಲದೆ.

ಮುಂದಿನ ಕಾಲ್‌ಗೆ

ಇಂಥ ಎಕ್ಸ್‌ಚೇಂಜ್‌ಗಳನ್ನು ನಾನು ಅಡ್ಮಿಷನ್ ಬ್ರೋಷರಿನ ಅಲಂಕಾರ ಅಂದುಕೊಂಡಿದ್ದೆ. ಈಗ ಹಾಗನ್ನಿಸಲ್ಲ. ಬೇರೆ ದೇಶದ ಮಗು ‘ನಿಮ್ಮಲ್ಲಿ ಏನಿದೆ’ ಅಂತ ಕೇಳಿದಾಗಲೇ ನಮ್ಮ ಮಕ್ಕಳು ತಮ್ಮ ಹಿತ್ತಿಲ ಕಡೆ ತಿರುಗಿ ನೋಡೋದು. ನಿಮ್ಮ ಮಗುವಿನ ಶಾಲೆಯಲ್ಲಿ ಇಂಥದ್ದು ನಡೆದರೆ ಒಂದು ವಿಷಯ ಗಮನಿಸಿ: ಮಗು ದೂರದ ಕಾಡಿನ ಹೆಸರುಗಳನ್ನಷ್ಟೇ ಕಲಿತು ಬರುತ್ತಿದೆಯಾ, ಅಥವಾ ಇಲ್ಲಿಯ ಪ್ರಶ್ನೆಯನ್ನೂ ಹೊತ್ತು ತರುತ್ತಿದೆಯಾ?

ಮೊನ್ನೆ ಮಗಳು ನನ್ನ ಫೋನ್ ತಗೊಂಡು ಮಾವನಿಗೆ ವಾಯ್ಸ್ ಮೆಸೇಜ್ ಕಳಿಸಿದಳು: “ಮಾವಾ, ರಾಮಪತ್ರೆ ಮರದ ಫೋಟೊ ಬೇಕು. ನನ್ನ ಫ್ರೆಂಡ್‌ಗೆ ತೋರಿಸ್ಬೇಕು.”

ಸಂಜೆ ಹೊತ್ತಿಗೆ ನಾಲ್ಕು ಫೋಟೊ ಬಂದವು. ಕೊನೆಯದರಲ್ಲಿ ಮರದ ಬುಡದ ಸಣ್ಣ ಸಸಿಯ ಪಕ್ಕ ಅಣ್ಣನ ಚಪ್ಪಲಿ ಕಾಲು. ಕೆಳಗೆ ಬರೆದಿದ್ದ: “ಇದು ನಾವು ನೆಟ್ಟಿದ್ದಲ್ಲ ಅಂತ ಹೇಳು.”