ಸಂಕೇತವೂ ಕಪಟವೂ

ಕಳೆದ ಬೇಸಗೆಯ ರಜೆಯಲ್ಲಿ ತಗಡೂರಿನ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಕ್ಕಳು ಬ್ರಿಜ್ ಆಡುತ್ತಿದ್ದರು. ಒಬ್ಬನು 'ಒಂದು ನೋಟ್ರಂಪ್' ಎಂದನು; ಅವನ ಜೊತೆಗಾರ್ತಿಯು 'ಎರಡು ಕ್ಲಾವರ್' ಎಂದಳು. ಅವಳ ಕೈಯಲ್ಲಿದ್ದ ಕ್ಲಾವರ್ ಎಲೆ ಒಂದೇ ಒಂದು! "ಇದು ಮೋಸ" ಎಂದು ಎದುರಾಳಿಯು ಎಲೆಗಳನ್ನು ಚೆಲ್ಲಿ ಎದ್ದನು. ನ್ಯಾಯನಿರ್ಣಯವು ನನ್ನ ಪಾಲಿಗೆ ಬಂದಿತು. ವಾಚಕರಲ್ಲಿಯೂ ಕೆಲವರಿಗೆ ಈ ಸಂದೇಹವಿರಬಹುದಾದುದರಿಂದ ವಿಷಯವನ್ನು ಇಲ್ಲಿ ವಿಶದಪಡಿಸುವೆನು.

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವು ಸಂಕೇತದಿಂದ ಉಂಟಾದುದೆಂದು ನಮ್ಮ ನೈಯಾಯಿಕರ ಮತ. ಬ್ರಿಜ್ಜಿನ ಕೂಗೂ ಹಾಗೆಯೇ. ಇಲ್ಲಿ 'ಎರಡು ಕ್ಲಾವರ್' ಎಂಬುದು "ನಿನ್ನಲ್ಲಿ ಆಟೀನಾಗಲಿ ಇಸ್ಪೀಟಾಗಲಿ ನಾಲ್ಕೆಲೆ ಉಂಟೆ?" ಎಂಬ ಪ್ರಶ್ನೆ. 1945ರಲ್ಲಿ ಇದನ್ನು ಪ್ರಕಟಿಸಿದ ಸ್ಟೇಮನ್ನನ ಹೆಸರೇ ಇದಕ್ಕೆ ನಿಂತಿದೆ.

ಸ್ಪರ್ಧೆಯಲ್ಲಿ ಇದು ಸಲ್ಲುವುದೆ? 2017ರ ನಿಯಮಾವಳಿಯ 40ನೆಯ ನಿಯಮದಂತೆ, ಜೊತೆಗಾರರ ಒಪ್ಪಂದಗಳು ಆಟಕ್ಕೆ ಮೊದಲೇ ಎದುರಾಳಿಗಳಿಗೂ ತಿಳಿಯಪಡಿಸತಕ್ಕವು. ಸಂದೇಹವುಳ್ಳವನು ತನ್ನ ಸರದಿಯಲ್ಲಿ ಕೇಳಬಹುದು; ಕೂಗಿದವನಲ್ಲ, ಅವನ ಜೊತೆಗಾರನು ಉತ್ತರಿಸಬೇಕು. ಯಾವ ವಿಶೇಷ ಸಂಕೇತಗಳು ಸಲ್ಲುವುವು, ಯಾವುವು ಸಲ್ಲವು ಎಂದು ವಿಧಿಸುವ ಅಧಿಕಾರವು ಸ್ಪರ್ಧೆಯ ನಿಯಾಮಕರದು. ಜೊತೆಗಾರನನ್ನೂ ಬೆರಗುಗೊಳಿಸುವ ಹುಸಿಗೂಗಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಇಬ್ಬರೊಳಗಿನ ಗುಟ್ಟಿಗೆ ಮಾತ್ರ ಎಡೆಯಿಲ್ಲ. ಕೆಮ್ಮು, ಹುಬ್ಬು, ಬೆರಳುಗಳ ಸನ್ನೆಯಂತೂ ಸರ್ವಥಾ ನಿಷಿದ್ಧ.

"ಮಗೂ, ಆ ಕೂಗಿನ ಅರ್ಥವನ್ನು ನೀನು ಕೇಳಿದೆಯಾ?" ಎಂದೆನು. ಅವನು ಕೇಳಿರಲಿಲ್ಲ. "ನೀವು ಮೊದಲೇ ಹೇಳಿದಿರಾ?" ಎಂದು ಇತ್ತ ತಿರುಗಿದೆನು. ಇವರು ಹೇಳಿರಲಿಲ್ಲ. ಎಲೆಗಳನ್ನು ಮತ್ತೆ ಹಂಚಿಸಿದೆನು.